ಭೋಗವಸ್ತ್ರದಿಂದ ಸಂಗ್ರಹವಸ್ತುವಿಗೆ: ಸೇನೆ ಮತ್ತು ದೇಗುಲಗಳ ಕಸೂತಿ ಬಟ್ಟೆಗಳನ್ನು ಕುರಿತು

೧

ಕರ್ನಾಟಕದ ಕಲೆಯ ಇತಿಹಾಸವು ಕಲ್ಲು, ಲೋಹ, ಮರ ಮತ್ತು ತಾಳೆಗರಿಗಳನ್ನು ಆಧರಿಸಿ ರಚಿತವಾಗಿದೆ. ಬಟ್ಟೆಗೆ ಅದರಲ್ಲಿ ದೊರೆತಿರುವ ಸ್ಥಾನ ತೀರ ಸಣ್ಣದು. ಬಟ್ಟೆಯನ್ನು ಕುರಿತ ಬರವಣಿಗೆಯೂ ಬಹುಮಟ್ಟಿಗೆ ಮಗ್ಗವನ್ನೇ ಕೇಂದ್ರವಾಗಿರಿಸಿಕೊಂಡಿದೆ. ಇಳಕಲ್ಲು, ಮೊಳಕಾಲ್ಮೂರು, ಮೈಸೂರುಗಳ ನೇಯ್ಗೆಗೆ ದೊರೆತ ಗಮನ, ನೇಯ್ದು ಮುಗಿದ ಬಟ್ಟೆಯ ಮೇಲೆ ಸೂಜಿಯಿಂದ ನಡೆದ ಕೆಲಸಕ್ಕೆ ದೊರೆತಿಲ್ಲ. ಸೂಜಿಕೆಲಸವೆಂದರೆ ಒಂದೋ ಹೆಂಗಸರ ಬಿಡುವಿನ ವೇಳೆಯ ಹವ್ಯಾಸ, ಇಲ್ಲವೇ ದರ್ಜಿಯ ಕೈಚಳಕ ಎಂಬ ಗ್ರಹಿಕೆ ಇದಕ್ಕೆ ಕಾರಣವಾಗಿರಬಹುದು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬುವನೊಬ್ಬನಿದ್ದನೆಂಬುದನ್ನು ನೆನೆದರೆ, ಈ ಗ್ರಹಿಕೆ ನಾಡಿನ ಹಳೆಯ ಅರಿವಿಗೆ ಹೊಂದುವಂಥದ್ದಲ್ಲವೆಂಬುದು ತಿಳಿಯುತ್ತದೆ.

ಸೂಜಿಕೆಲಸದಲ್ಲಿಯೇ ಒಂದು ವಿಶಿಷ್ಟ ವರ್ಗವಿದೆ. ಅದು ದೇವರಿಗಾಗಿ ಮತ್ತು ದಂಡಿಗಾಗಿ ಮಾಡಿದ ಕೆಲಸ. ಉತ್ಸವಮೂರ್ತಿಯ ಉಡುಪು, ಪಲ್ಲಕ್ಕಿಯ ಹೊದಿಕೆ, ಸತ್ತಿಗೆಯ ಜಾಲರು, ನಿಶಾನಿ, ಪಟ್ಟದಾನೆಯ ಬೆನ್ನಿನ ಜೂಲು, ಕುದುರೆಯ ಜೀನಿನ ಹಾಸು, ಹತ್ತಿ ತುಂಬಿ ಹೊಲಿದ ಯುದ್ಧದ ಅಂಗಿ ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ಜಗತ್ತಿನ ಹಲವು ಕಡೆಗಳಲ್ಲಿ ಇಂಥ ಬಟ್ಟೆಗಳನ್ನು ಹುಡುಕಿ ಕೊಂಡು ಕಾಪಿಡುವ ಸಂಗ್ರಾಹಕರಿದ್ದಾರೆ, ಅವಕ್ಕೆಂದೇ ಮೀಸಲಾದ ಕೋಣೆಗಳುಳ್ಳ ಸಂಗ್ರಹಾಲಯಗಳಿವೆ. ಕರ್ನಾಟಕದ ಮಟ್ಟಿಗೆ ಈ ಸಂಗ್ರಹಣೆಯ ಸ್ವರೂಪವೇನು, ಯಾವ ಬಟ್ಟೆ ಉಳಿಯಿತು, ಯಾವುದು ಉಳಿಯಲಿಲ್ಲ, ಉಳಿದದ್ದು ಏತಕ್ಕಾಗಿ ಉಳಿಯಿತು ಎಂಬ ಪ್ರಶ್ನೆಗಳನ್ನು ಇಲ್ಲಿ ಚರ್ಚಿಸಲಾಗಿದೆ. ಹಾಸನ ಜಿಲ್ಲೆಯ ಶಾಂತಿಗ್ರಾಮ ಮತ್ತು ಅದರ ಸುತ್ತಲಿನ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯನ್ನು ಚರ್ಚೆಯ ನೆಲೆಯಾಗಿ ಇರಿಸಿಕೊಳ್ಳಲಾಗಿದೆ. ಹೊಯ್ಸಳ ಶಿಲ್ಪದ ಈ ನೆಲದಲ್ಲಿ ಕಲ್ಲಿಗೆ ದೊರೆತ ಗೌರವವೂ ಬಟ್ಟೆಗೆ ಬಂದ ಅಲಕ್ಷ್ಯವೂ ಅಕ್ಕಪಕ್ಕದಲ್ಲಿಯೇ ಕಾಣಸಿಗುತ್ತವೆ.

೨

ಹಾಸನದಿಂದ ಪೂರ್ವಕ್ಕೆ, ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿರುವ ಶಾಂತಿಗ್ರಾಮವು ವಿಷ್ಣುವರ್ಧನನ ರಾಣಿ ಶಾಂತಲೆಯ ಹೆಸರಿನೊಡನೆ ಜೋಡಿಸಲಾಗುವ ಊರು. ಅಲ್ಲಿಯ ದೇವರಿಗೆ ವರದ ಯೋಗ ಭೋಗ ನರಸಿಂಹನೆಂದು ಹೆಸರು. ಈ ಹೆಸರಿನಲ್ಲಿರುವ ‘ಭೋಗ’ ಎಂಬ ಮಾತು ನಮ್ಮ ಚರ್ಚೆಗೆ ಮುಖ್ಯವಾದುದು. ಕನ್ನಡ ಶಾಸನಗಳು ದೇವಾಲಯಕ್ಕೆ ಬಿಟ್ಟ ದತ್ತಿಯನ್ನು ಹೇಳುವಾಗ ‘ಅಂಗಭೋಗ’, ‘ರಂಗಭೋಗ’ ಎಂಬ ಎರಡು ಮಾತುಗಳನ್ನು ಮತ್ತೆ ಮತ್ತೆ ಬಳಸುತ್ತವೆ. ಸ್ನಾನ, ಗಂಧ, ಹೂವು, ಉಡುಗೆ ಮೊದಲಾದ ದೇವರ ಮೈಗೆ ಸಲ್ಲುವ ಸೇವೆಗಳು ಅಂಗಭೋಗ. ಗೀತ, ವಾದ್ಯ, ನೃತ್ಯಗಳು ರಂಗಭೋಗ. ಬಟ್ಟೆಯು ಹೀಗೆ ಹೂವಿನ, ಗಂಧದ ಸಾಲಿನಲ್ಲಿ ನಿಲ್ಲುತ್ತದೆ. ಅದು ಸಲ್ಲಿಸಿ ಮುಗಿಸಬೇಕಾದ ವಸ್ತು.

ರಾಜಸಭೆಯಲ್ಲಿಯೂ ಇದೇ ದೃಷ್ಟಿಯಿತ್ತು. ವಿಷ್ಣುವರ್ಧನನ ಕಾಲದವನೇ ಆದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಬಟ್ಟೆಗೆ ಮೀಸಲಾದ ಪ್ರಕರಣದ ಹೆಸರು ‘ವಸ್ತ್ರೋಪಭೋಗ’. ಬಟ್ಟೆಗಳನ್ನು ಅವು ಬಂದ ನಾಡು, ಬಣ್ಣ, ಋತುಗಳಿಗೆ ಅನುಗುಣವಾಗಿ ವಿಂಗಡಿಸಿದರೂ, ಆ ವಿಂಗಡಣೆಯ ಗುರಿ ಸಂಚಯವಲ್ಲ, ಉಪಭೋಗ. ಉಟ್ಟು ಹಳತಾದ ಬಟ್ಟೆಯನ್ನು ಕೊಡುವುದು ದೊರೆಯ ಔದಾರ್ಯದ ಒಂದು ಅಂಗವಾಗಿತ್ತೇ ಹೊರತು, ಅದನ್ನು ಕಾಪಿಡುವುದು ಅವನ ಕರ್ತವ್ಯವಾಗಿರಲಿಲ್ಲ.

ದೇವಾಲಯದಲ್ಲಿ ಈ ಕ್ರಮಕ್ಕೆ ಇನ್ನೂ ಖಚಿತವಾದ ಪರಿಭಾಷೆಯಿದೆ. ದೇವರ ಮೈಯಿಂದ ಇಳಿದ ಹೂವು ನಿರ್ಮಾಲ್ಯ. ಇಳಿದ ಬಟ್ಟೆ ಶೇಷವಸ್ತ್ರ. ಶೇಷವಸ್ತ್ರವನ್ನು ಗುರುಗಳಿಗೆ, ದೊರೆಗೆ, ಊರ ಹಿರಿಯರಿಗೆ ಹೊದಿಸಿ ಮರ್ಯಾದೆ ಮಾಡುವುದು ಇಂದಿಗೂ ನಡೆದುಬಂದಿರುವ ಪದ್ಧತಿ. ಹರಕೆಯ ಸೀರೆಗಳನ್ನು ಹರಾಜು ಹಾಕಿ ಭಕ್ತರಿಗೆ ತಲುಪಿಸುವ ರೂಢಿ ಅನೇಕ ದೇವಾಲಯಗಳಲ್ಲಿದೆ. ಅಂದರೆ ದೇಗುಲದ ಬಟ್ಟೆಯ ಬಾಳಿನಲ್ಲಿ ಗರ್ಭಗುಡಿಯಿಂದ ಹೊರಗೆ ಹೋಗುವುದೂ ಒಂದು ಘಟ್ಟವೇ. ಸಂಗ್ರಾಹಕನು ಆ ಘಟ್ಟವನ್ನು ತಡೆದು ನಿಲ್ಲಿಸುತ್ತಾನೆ. ಅವನು ಉಳಿಸುವ ಬಟ್ಟೆ ಯಾರದೋ ಹೆಗಲನ್ನು ಸೇರಬೇಕಾಗಿದ್ದ ಬಟ್ಟೆ. ಸಂಗ್ರಹಣೆಯ ವಿಮರ್ಶೆ ಈ ತಿಳಿವಳಿಕೆಯಿಂದ ಆರಂಭವಾಗಬೇಕು.

ಕಲಾ ಇತಿಹಾಸಕಾರನೂ ಇದಕ್ಕೆ ಎದುರಾದ ಇನ್ನೊಂದು ತುದಿಯಲ್ಲಿ ನಿಂತಿದ್ದಾನೆ. ಬೇಲೂರಿನ ಮದನಿಕೆಯರಲ್ಲಿ ಒಡವೆಗಳು ಬಿಡಿಸಿ ಕೊರೆದಂತೆ ಎದ್ದು ನಿಂತಿದ್ದರೆ, ಉಟ್ಟ ಬಟ್ಟೆ ಮೈಗಂಟಿ ಗೆರೆಗಳಲ್ಲಿ ಮಾತ್ರ ಸೂಚಿತವಾಗುತ್ತದೆ. ಗರ್ಭಗುಡಿಯ ಮೂರ್ತಿಯಾದರೋ ಕಲ್ಲಿನ ಆ ಉಡುಗೆಯ ಮೇಲೆ ನಿಜದ ಬಟ್ಟೆಯನ್ನು ಉಟ್ಟೇ ಭಕ್ತರಿಗೆ ದರ್ಶನ ಕೊಡುತ್ತದೆ. ಶಿಲ್ಪವನ್ನು ಕುರಿತ ಗ್ರಂಥಗಳು ಆ ಬಟ್ಟೆಯನ್ನು ತೆಗೆಸಿ ಚಿತ್ರ ಅಚ್ಚು ಹಾಕುತ್ತವೆ. ಜವಳಿಯ ಸಂಗ್ರಾಹಕರು ಬಟ್ಟೆಯನ್ನಷ್ಟೇ ತೆಗೆದುಕೊಳ್ಳುತ್ತಾರೆ. ಭಕ್ತನು ಒಟ್ಟಿಗೆ ಕಂಡ ರೂಪವನ್ನು ಇಬ್ಬರೂ ಹರಿದು ಹಂಚಿಕೊಂಡಂತಾಯಿತು. ಇದೇ ಸೀಮೆಯ ಶ್ರವಣಬೆಳಗೊಳದಲ್ಲಿ ಬಟ್ಟೆಯನ್ನೇ ತೊರೆದ ಬಾಹುಬಲಿ ನಿಂತಿದ್ದಾನೆಂಬುದೂ ಗಮನಾರ್ಹ. ದಿಗಂಬರ ಮೂರ್ತಿಗೆ ಉಡುಗೆಯ ಮಾತೇ ಇಲ್ಲ. ಅಲ್ಲಿ ಬಟ್ಟೆಯು ಛತ್ರಕ್ಕೆ, ಪಲ್ಲಕ್ಕಿಗೆ, ಶಾಸ್ತ್ರಗ್ರಂಥದ ಹೊದಿಕೆಗೆ ಸಲ್ಲುತ್ತದೆ. ಬಟ್ಟೆಯ ಅರ್ಥವನ್ನು ಹೊಲಿಗೆಯ ಬಗೆಯೊಂದರಿಂದಲೇ ನಿರ್ಧರಿಸಲಾಗದು, ಅದು ಯಾವುದನ್ನು ಹೊದ್ದಿಸಿತ್ತು ಎಂಬುದೂ ತಿಳಿಯಬೇಕು ಎಂಬುದಕ್ಕೆ ಇದೊಂದು ನಿದರ್ಶನ.

೩

ಸಂಗ್ರಾಹಕರ ಪಟ್ಟಿಗಳಲ್ಲಿ ‘ಸೈನಿಕ’ ಮತ್ತು ‘ಧಾರ್ಮಿಕ’ ಎಂಬ ಎರಡು ವಿಭಾಗಗಳು ಬೇರೆಬೇರೆಯಾಗಿ ಕಾಣಿಸಿಕೊಳ್ಳುತ್ತವೆ. ಕರ್ನಾಟಕದ ಸಾಮಗ್ರಿಗೆ ಈ ವಿಭಜನೆ ಸರಿಯಾಗಿ ಒಗ್ಗುವುದಿಲ್ಲ. ಶ್ವೇತಚ್ಛತ್ರ, ಚಾಮರ, ಧ್ವಜ, ಪಂಚಮಹಾಶಬ್ದಗಳು ಶಾಸನಗಳಲ್ಲಿ ಸಾಮಂತನ ಮತ್ತು ದಂಡನಾಯಕನ ಮರ್ಯಾದೆಯ ಗುರುತುಗಳು. ಹಳ್ಳಿಯ ದೇವರ ಮೆರವಣಿಗೆಯಲ್ಲಿ ಇಂದಿಗೂ ಮುಂದೆ ನಡೆಯುವ ಸತ್ತಿಗೆ, ಸೂರಿಪಾನಿ, ಚಾಮರ, ನಿಶಾನಿಗಳು ಅವೇ ಆಗಿವೆ. ಅರಸು ಹೋದ ಮೇಲೂ ಅರಸನ ಬಿರುದು ದೇವರ ಬಳಿ ಉಳಿಯಿತು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ೧೨೪೬ರಲ್ಲಿ ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ. ದಂಡನ್ನು ನಡೆಸಿದವನೇ ದೇಗುಲವನ್ನು ಕಟ್ಟಿಸಿದ ನಾಡಿನಲ್ಲಿ ದಂಡಿನ ಬಟ್ಟೆ ಯಾವುದು, ದೇವರ ಬಟ್ಟೆ ಯಾವುದು ಎಂಬ ಗೆರೆ ಎಳೆಯುವುದು ಸುಲಭವಲ್ಲ.

ಮೈಸೂರಿನ ದಸರೆ ಇದರ ಅತ್ಯಂತ ಸ್ಪಷ್ಟವಾದ ರೂಪ. ಅರಮನೆಯ ಕಲ್ಯಾಣ ಮಂಟಪದ ಗೋಡೆಗಳ ಮೇಲಿರುವ ದಸರಾ ಮೆರವಣಿಗೆಯ ಇಪ್ಪತ್ತಾರು ಚಿತ್ರಗಳಲ್ಲಿ ಆನೆಯ ಜೂಲು, ಕುದುರೆಯ ಸಜ್ಜು, ಪದಾತಿಗಳ ಸಮವಸ್ತ್ರ, ಬಿರುದಿನ ಬಾವುಟಗಳು ಕ್ರಮವಾಗಿ ಕಾಣಸಿಗುತ್ತವೆ. ಆ ಮೆರವಣಿಗೆಯಲ್ಲಿ ಅಂಬಾರಿಯನ್ನೇರಿದ್ದವನು ಆಗ ಅರಸ. ಅರಸೊತ್ತಿಗೆ ಮುಗಿದ ಮೇಲೆ ಅದೇ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ಮೂರ್ತಿ ಸಾಗುತ್ತಿದೆ. ಆನೆಗೆ ಹೊದಿಸುವ ಜರತಾರಿಯ ಬಟ್ಟೆ ಮೊದಲು ಸೈನಿಕ ವಿಭಾಗದಲ್ಲಿದ್ದು ಬಳಿಕ ಧಾರ್ಮಿಕ ವಿಭಾಗಕ್ಕೆ ಹೋಯಿತೆಂದು ಹೇಳಬೇಕೇ? ಪಟ್ಟಿಯು ಕೇಳುವ ಇಂಥ ಪ್ರಶ್ನೆಗೆ ಮೆರವಣಿಗೆಯಲ್ಲಿ ಅರ್ಥವಿಲ್ಲ.

ಈ ಬೆರಕೆ ಕರ್ನಾಟಕಕ್ಕೆ ಮಾತ್ರ ಸೀಮಿತವಾದುದಲ್ಲ. ಮೆಕ್ಸಿಕೊ ದೇಶದಲ್ಲಿಯೂ ಹೀಗೆಯೇ ಇದೆ. ೧೮೧೦ರ ಸೆಪ್ಟೆಂಬರಿನಲ್ಲಿ ಪಾದ್ರಿ ಮಿಗೆಲ್ ಇದಾಲ್ಗೊ ಸ್ಪೇನಿನ ಆಳ್ವಿಕೆಯ ವಿರುದ್ಧ ದಂಗೆಯೆದ್ದಾಗ, ಅತೊತೊನಿಲ್ಕೊದ ಗುಡಿಯಿಂದ ಗ್ವಾದಲೂಪೆ ಮಾತೆಯ ಚಿತ್ರಪಟವನ್ನು ತೆಗೆದು ಅದನ್ನೇ ದಂಡಿನ ಬಾವುಟವಾಗಿ ಮಾಡಿಕೊಂಡನು. ಪೂಜೆಯ ಬಟ್ಟೆ ಒಂದೇ ದಿನದಲ್ಲಿ ಯುದ್ಧದ ಬಟ್ಟೆಯಾಯಿತು. ಮೆಕ್ಸಿಕೊದ ಪಾದ್ರಿಗಳ ಪೂಜಾ ಉಡುಪುಗಳಿಗೆ ರೇಷ್ಮೆ ಬಂದದ್ದಾದರೂ ಎಲ್ಲಿಂದ? ೧೫೬೫ರಿಂದ ೧೮೧೫ರವರೆಗೆ ಮನಿಲಾದಿಂದ ಅಕಪುಲ್ಕೊಗೆ ಸಾಗುತ್ತಿದ್ದ ಹಡಗುಗಳಲ್ಲಿ ಚೀನಾದ ರೇಷ್ಮೆಯೂ ಭಾರತದ ಹತ್ತಿ ಬಟ್ಟೆಯೂ ಹೋಗುತ್ತಿದ್ದುವು. ಏಷ್ಯದ ಬಟ್ಟೆಗೆ ಅಲ್ಲಿ ಕ್ರೈಸ್ತ ಮತದ ಸೂಜಿ ತಗುಲಿತು. ಒಂದು ಬಟ್ಟೆಗೆ ಒಂದೇ ಊರು, ಒಂದೇ ಉದ್ದೇಶ ಎಂಬ ನಂಬಿಕೆಯಿಂದ ಹೊರಟ ಪಟ್ಟಿ ಅಲ್ಲಿಯೂ ಸೋಲುತ್ತದೆ.

೪

ಸಂಗ್ರಹಗಳು ಹುಟ್ಟಿದ ಬಗೆಯನ್ನು ನೋಡಿದಾಗ ಇನ್ನೊಂದು ಸಂಗತಿ ಹೊರಬೀಳುತ್ತದೆ. ಬಟ್ಟೆ ತನ್ನಷ್ಟಕ್ಕೆ ತಾನು ಸಂಗ್ರಹವನ್ನು ಸೇರುವುದಿಲ್ಲ; ಯಾವುದೋ ಒಂದು ಮುರಿತ ಅದನ್ನು ಅಲ್ಲಿಗೆ ತಲುಪಿಸುತ್ತದೆ. ಮೆಕ್ಸಿಕೊದಲ್ಲಿ ೧೮೫೯ರ ಸುಧಾರಣಾ ಶಾಸನವು ಚರ್ಚಿನ ಆಸ್ತಿಯನ್ನು ರಾಷ್ಟ್ರೀಕರಣಗೊಳಿಸಿತು. ಮಠಗಳು ಮುಚ್ಚಿದವು, ಅವುಗಳ ಒಡವೆ ವಸ್ತುಗಳು ಬೀದಿಗೆ ಬಂದವು. ಇಂದು ತೆಪೊತ್ಸೊತ್ಲಾನ್‌ನ ಹಳೆಯ ಜೆಸ್ಯೂಟ್ ಕಾಲೇಜಿನ ಕಟ್ಟಡದಲ್ಲಿ, ೧೯೬೪ರಲ್ಲಿ ತೆರೆದ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಸ್ಪೇನಿನ ಆಳ್ವಿಕೆಯ ಕಾಲದ ಧಾರ್ಮಿಕ ಕಲೆಯನ್ನು ನೋಡುವವನು, ಆ ಮುರಿತವನ್ನೂ ನೋಡುತ್ತಿರುತ್ತಾನೆ.

ನಮ್ಮಲ್ಲಿ ಅಂಥ ಮುರಿತ ೧೭೯೯ರ ಮೇ ೪ರಂದು ನಡೆಯಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೆಯ ವಸ್ತುಗಳನ್ನು ಸಮಿತಿಯೊಂದು ಲೆಕ್ಕ ಹಾಕಿ, ದರ್ಜೆಗೆ ತಕ್ಕಂತೆ ಸೈನಿಕರಿಗೆ ಹಂಚಿತು; ಹಲವನ್ನು ಹರಾಜು ಹಾಕಲಾಯಿತು. ಟಿಪ್ಪುವಿನದೆಂದು ಹೇಳಲಾಗುವ ಹತ್ತಿ ತುಂಬಿ ಹೊಲಿದ ಯುದ್ಧದ ಉಡುಪು, ಬಟ್ಟೆಯ ಶಿರಸ್ತ್ರಾಣ ಮೊದಲಾದವು ಬ್ರಿಟನ್ನಿನ ಸಂಗ್ರಹಗಳಿಗೆ ಸೇರಿದ್ದು ಆ ಮುರಿತದ ಪರಿಣಾಮವಾಗಿಯೇ. ಟಿಪ್ಪುವಿನ ದೊಡ್ಡ ಗುಡಾರ ವೇಲ್ಸಿನ ಪವಿಸ್ ಕೋಟೆಯಲ್ಲಿದೆ. ಅದು ಆಗಿನ ಮದರಾಸಿನ ಗವರ್ನರ್ ಎಡ್ವರ್ಡ್ ಕ್ಲೈವನ ಕುಟುಂಬದ ಮೂಲಕ ಅಲ್ಲಿಗೆ ಹೋಯಿತು. ಆ ಗುಡಾರ ಕಸೂತಿಯದಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಅದು ಅಚ್ಚೊತ್ತಿ ಬಣ್ಣ ಹಾಕಿದ ಹೂಗೊಂಚಲುಗಳುಳ್ಳ ಹತ್ತಿಯ ಚೀಟಿಬಟ್ಟೆ. ಸೇನೆಯ ಅಲಂಕೃತ ಬಟ್ಟೆಗಳನ್ನು ಕುರಿತ ಮಾತು ಬಂದಾಗಲೆಲ್ಲ ಈ ಗುಡಾರವೇ ನೆನಪಿಗೆ ಬರಲು ಕಾರಣ ಅದರ ಗಾತ್ರ ಮತ್ತು ಒಡೆಯನ ಹೆಸರು. ಅವನ ಸೈನಿಕರು ತೊಟ್ಟ ಹುಲಿಪಟ್ಟೆಯ ಅಂಗಿಗಳನ್ನು ಹೊಲಿದ ಚಿಪ್ಪಿಗರನ್ನಾಗಲಿ, ಜೀನಿನ ಹಾಸಿಗೆ ಅಂಚು ಕಟ್ಟಿದವರನ್ನಾಗಲಿ ಯಾವ ಪಟ್ಟಿಯೂ ಹೆಸರಿಸುವುದಿಲ್ಲ. ಸೇನಾ ಜವಳಿಯ ಸಂಗ್ರಹವೆಂದರೆ ಹೀಗೆ ಸೋತ ದೊರೆಯ ಸ್ಮಾರಕವಾಗಿ ಮಾರ್ಪಡುತ್ತದೆ.

ಯುದ್ಧದಲ್ಲಿ ಕೈವಶವಾದ ಬಟ್ಟೆ ಮರಳಿ ಬರುವುದು ಅಸಾಧ್ಯವೇನಲ್ಲ. ೧೮೪೬–೪೮ರ ಯುದ್ಧದಲ್ಲಿ ಹಿಡಿದುಕೊಂಡಿದ್ದ ಮೆಕ್ಸಿಕೊದ ಧ್ವಜಗಳನ್ನು ಅಮೆರಿಕವು ೧೯೫೦ರಲ್ಲಿ ಹಿಂದಿರುಗಿಸಿತು. ಫ್ರೆಂಚರು ೧೮೬೦ರ ದಶಕದಲ್ಲಿ ಒಯ್ದಿದ್ದ ಮೂರು ಧ್ವಜಗಳನ್ನು ಅಧ್ಯಕ್ಷ ದ ಗಾಲ್ ೧೯೬೪ರ ಮಾರ್ಚ್‌ನಲ್ಲಿ ತಾವೇ ಮೆಕ್ಸಿಕೊ ನಗರಕ್ಕೆ ತಂದು ಒಪ್ಪಿಸಿದರು. ಕರ್ನಾಟಕದಲ್ಲಿ ಮರಳಿ ತರುವ ಮಾತು ಎದ್ದಾಗಲೆಲ್ಲ ಅದು ಖಡ್ಗದ ಸುತ್ತಲೇ ಸುತ್ತಿದೆ. ೨೦೨೩ರ ಮೇ ತಿಂಗಳಿನಲ್ಲಿ ಟಿಪ್ಪುವಿನ ಖಡ್ಗವೊಂದು ಲಂಡನ್ನಿನ ಹರಾಜಿನಲ್ಲಿ ಸುಮಾರು ೧ ಕೋಟಿ ೪೦ ಲಕ್ಷ ಪೌಂಡುಗಳಿಗೆ ಮಾರಾಟವಾದಾಗ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆ ನಡೆಯಿತು. ಅದೇ ಕೊಳ್ಳೆಯಲ್ಲಿ ಹೋದ ಬಟ್ಟೆಗಳ ಬಗ್ಗೆ ಅಂಥ ಚರ್ಚೆಯಿಲ್ಲ.

೫

ಲೋಹಕ್ಕೆ ಗೌರವ, ಬಟ್ಟೆಗೆ ಅಲಕ್ಷ್ಯ ಎಂಬ ಈ ಮನೋಧರ್ಮ ನಾಡಿನೊಳಗೂ ಅಷ್ಟೇ ಬಲವಾಗಿದೆ. ಮೇಲುಕೋಟೆಯ ವೈರಮುಡಿ ಕಿರೀಟವನ್ನು ಮಂಡ್ಯದ ಸರ್ಕಾರಿ ಖಜಾನೆಯಲ್ಲಿ ಇರಿಸಿ, ಉತ್ಸವದಂದು ಪೊಲೀಸ್ ಕಾವಲಿನಲ್ಲಿ ಒಯ್ಯಲಾಗುತ್ತದೆ. ಕಿರೀಟ ಧರಿಸುವ ಅದೇ ಮೂರ್ತಿಯ ಉಡುಗೆಗೆ ಅಂಥ ಕಾವಲಿಲ್ಲ. ಕಾನೂನೂ ಇದೇ ದಾರಿಯಲ್ಲಿ ನಡೆದಿದೆ. ೧೯೭೨ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ ನೂರು ವರ್ಷ ಮೀರಿದ ಕಲಾಕೃತಿ ಪುರಾವಸ್ತುವೆನಿಸುತ್ತದೆ, ಅದನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸುವಂತಿಲ್ಲ. ಆದರೆ ಕಡ್ಡಾಯ ನೋಂದಣಿಗೆಂದು ಗೊತ್ತುಪಡಿಸಿದ ವರ್ಗಗಳು ಮುಖ್ಯವಾಗಿ ಶಿಲ್ಪ, ಚಿತ್ರ ಮತ್ತು ಹಸ್ತಪ್ರತಿಗಳಿಗೆ ಸಂಬಂಧಿಸಿದವು. ಬಟ್ಟೆಯ ಮೇಲೆ ಕುಂಚದಿಂದ ಬರೆದ ಚಿತ್ರ ಅವುಗಳಲ್ಲಿ ಸೇರುತ್ತದೆ. ಬಟ್ಟೆಯ ಮೇಲೆ ಸೂಜಿಯಿಂದ ಬರೆದ ಚಿತ್ರ ಸೇರುವುದಿಲ್ಲ. ಕುಂಚಕ್ಕೆ ದೊರೆತ ಮಾನ್ಯತೆ ಸೂಜಿಗೆ ದೊರೆಯದಿರುವುದು ಕೇವಲ ಆಡಳಿತದ ಕಣ್ತಪ್ಪಲ್ಲ. ಕಲೆ ಮತ್ತು ಕಸುಬುಗಳ ನಡುವೆ ನಾವು ಕಟ್ಟಿಕೊಂಡಿರುವ ಶ್ರೇಣಿಯ ಫಲ.

ಈ ಶ್ರೇಣಿಯ ಅತ್ಯಂತ ಕ್ರೂರವಾದ ಪರಿಣಾಮ ಜರತಾರಿಯ ಬಟ್ಟೆಗಳಲ್ಲಿ ಕಾಣುತ್ತದೆ. ಅಸಲಿ ಜರಿಯೆಂದರೆ ರೇಷ್ಮೆಯ ಎಳೆಗೆ ಬೆಳ್ಳಿಯ ತೆಳುವಾದ ತಂತಿಯನ್ನು ಸುತ್ತಿ ಚಿನ್ನದ ನೀರು ಕೊಟ್ಟದ್ದು. ಹಳೆಯ ಜರಿ ಬಟ್ಟೆ ಕೊಳ್ಳುವವರು ಊರೂರು ಸುತ್ತಿ, ಸೀರೆಯಾಗಲಿ ದೇವರ ಹೊದಿಕೆಯಾಗಲಿ ತೂಕಕ್ಕೆ ಕೊಂಡು, ಸುಟ್ಟು ಬೆಳ್ಳಿಯನ್ನು ತೆಗೆಯುವುದು ಬಹುಕಾಲದಿಂದ ನಡೆದುಬಂದಿರುವ ವ್ಯಾಪಾರ. ಆ ತಕ್ಕಡಿಯಲ್ಲಿ ಕಸೂತಿಯ ಬೆಲೆ ಸೊನ್ನೆ. ಹೆಚ್ಚು ಜರಿಯಿರುವ ಬಟ್ಟೆಯೇ ಮೊದಲು ಬೆಂಕಿಗೆ ಬೀಳುವುದರಿಂದ, ದೇಗುಲಗಳ ಅತ್ಯುತ್ತಮವಾದ ಕೆಲಸವೇ ಅತ್ಯಂತ ಮೊದಲು ಮರೆಯಾಗಿರುವ ಸಂಭವವಿದೆ. ಸಂಗ್ರಹಗಳಲ್ಲಿ ಉಳಿದದ್ದನ್ನು ನೋಡಿ ಈ ನಾಡಿನ ಸೂಜಿಕೆಲಸದ ಮಟ್ಟವನ್ನು ಅಳೆಯಹೊರಡುವವರು ಈ ಮಾತನ್ನು ನೆನಪಿನಲ್ಲಿಡಬೇಕು. ಹತ್ತಿಯ ಎಳೆಯಿಂದ ಮಾಡಿದ ಕೆಲಸ ಬಡವರದಾದ್ದರಿಂದ ಉಳಿಯಿತು. ಬೆಳ್ಳಿಯ ಎಳೆಯದು ಬೆಲೆಯುಳ್ಳದ್ದಾದ್ದರಿಂದಲೇ ಅಳಿಯಿತು.

೬

ಹತ್ತಿಯ ಎಳೆಯ ಕೆಲಸಕ್ಕೆ ಕರ್ನಾಟಕದಲ್ಲಿ ಎರಡು ಮುಖ್ಯ ಪರಂಪರೆಗಳಿವೆ: ಲಂಬಾಣಿಯರ ಕಸೂತಿ ಮತ್ತು ಧಾರವಾಡ ಸೀಮೆಯ ಕಸೂತಿ. ಸೇನೆ–ದೇಗುಲಗಳ ಚರ್ಚೆಯಲ್ಲಿ ಇವು ಬರುವುದೇಕೆ ಎಂಬ ಪ್ರಶ್ನೆ ಏಳಬಹುದು. ಲಂಬಾಣಿಯರ ಇತಿಹಾಸವೇ ಅದಕ್ಕೆ ಉತ್ತರ. ಎತ್ತುಗಳ ಮೇಲೆ ಧಾನ್ಯ ಹೇರಿ ದಂಡುಗಳನ್ನು ಹಿಂಬಾಲಿಸುತ್ತಿದ್ದ ಜನ ಅವರು. ೧೭೯೧ರಲ್ಲಿ ಕಾರ್ನ್‌ವಾಲಿಸನ ಸೇನೆ ಆಹಾರವಿಲ್ಲದೆ ಶ್ರೀರಂಗಪಟ್ಟಣದ ಎದುರಿನಿಂದ ಹಿಂದೆ ಸರಿಯಬೇಕಾಯಿತು. ಅನಂತರದ ದಂಡಯಾತ್ರೆ ನಡೆದದ್ದು ಬಹುಮಟ್ಟಿಗೆ ಬಂಜಾರರು ತಂದ ಧಾನ್ಯದ ಬಲದಿಂದ. ಆ ಸಾಲಿನ ಮುಂದಾಳು ಎತ್ತಿಗೆ ಕಟ್ಟುತ್ತಿದ್ದ ಕವಡೆ ಹೊಲಿದ ಹಣೆಪಟ್ಟಿ, ಕೊಂಬಿನ ಹೊದಿಕೆಗಳನ್ನು ಸೇನಾ ಜವಳಿಯೆಂದು ಕರೆಯದೆ ಬೇರೇನೆಂದು ಕರೆಯಬೇಕು? ಅವನ್ನು ‘ಬುಡಕಟ್ಟಿನ ಕಲೆ’ ಎಂಬ ಕಪಾಟಿಗೆ ಸೇರಿಸಿದಾಗ, ದೊರೆಯ ಗುಡಾರಕ್ಕೆ ಇತಿಹಾಸವೂ ಧಾನ್ಯ ಹೊತ್ತವರ ಬಟ್ಟೆಗೆ ಕೇವಲ ಅಂದವೂ ಉಳಿಯುತ್ತವೆ. ಹಾಸನ ಜಿಲ್ಲೆಯ ಅರಸೀಕೆರೆ ಕಡೆಯ ತಾಂಡಾಗಳನ್ನೂ ಒಳಗೊಂಡಂತೆ ಈ ಜನ ನೆಲೆನಿಂತ ಕಡೆಗಳಲ್ಲೆಲ್ಲ ಆ ಇತಿಹಾಸವನ್ನು ಕೇಳಿ ಬರೆದುಕೊಳ್ಳುವ ಕೆಲಸ ನಡೆಯಬೇಕಾಗಿದೆ.

ಲಂಬಾಣಿ ಹೆಂಗಸರ ಕಾಂಚಳಿ, ಫೇಟಿಯಾಗಳು ಸಂಗ್ರಹದ ಮಾರುಕಟ್ಟೆಗೆ ಬಂದಾಗ ಅವುಗಳಿಗೆ ಒದಗುವ ಗತಿಯೂ ವಿಚಾರಣೀಯ. ಹಳೆಯ ಉಡುಪನ್ನು ತುಂಡುಗಳಾಗಿ ಕತ್ತರಿಸಿ, ದಿಂಬಿನ ಕವಚ, ಚೀಲ, ಗೋಡೆಯ ತೂಗುಬಟ್ಟೆಗಳಾಗಿ ಜೋಡಿಸಿ ‘ಪುರಾತನ’ ಎಂಬ ಚೀಟಿ ಅಂಟಿಸಿ ಮಾರಲಾಗುತ್ತದೆ. ಒಬ್ಬಳ ತೋಳು, ಇನ್ನೊಬ್ಬಳ ಬೆನ್ನು ಒಂದೇ ಚೌಕದೊಳಗೆ ಸೇರುತ್ತವೆ. ಇದಕ್ಕೆ ಎದುರಾಗಿ, ಸಂಡೂರಿನ ಲಂಬಾಣಿ ಕಸೂತಿಗೆ ೨೦೧೦ರಲ್ಲಿ ಭೌಗೋಳಿಕ ಸೂಚಕ ದೊರೆತದ್ದು, ೨೦೨೩ರ ಜುಲೈನಲ್ಲಿ ಹಂಪಿಯಲ್ಲಿ ಜಿ–೨೦ ಸಭೆಯ ಸಂದರ್ಭದಲ್ಲಿ ನಾನೂರೈವತ್ತಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ ೧೭೫೫ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿದ್ದು ಸ್ವಾಗತಾರ್ಹ ಸಂಗತಿಗಳು. ಆದರೆ ದಾಖಲೆಯಾದದ್ದು ಸಂಖ್ಯೆ. ಯಾವ ಹೊಲಿಗೆ ಯಾವ ತಾಂಡಾದಲ್ಲಿ ಯಾರಿಂದ ಯಾರಿಗೆ ಬಂತು ಎಂಬುದು ಸಂಖ್ಯೆಯಿಂದ ತಿಳಿಯುವುದಿಲ್ಲ.

೨೦೦೬ರಲ್ಲಿ ಭೌಗೋಳಿಕ ಸೂಚಕ ಪಡೆದ ಧಾರವಾಡದ ಕಸೂತಿ ಇನ್ನೊಂದು ಪಾಠವನ್ನು ಕಲಿಸುತ್ತದೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ಅದರ ನಾಲ್ಕು ಹೊಲಿಗೆಗಳಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆಗಳನ್ನು ಎಣಿಸುತ್ತಲೇ ಗೋಪುರ, ತೇರು, ಪಲ್ಲಕ್ಕಿ, ಅಂಬಾರಿಯಾನೆ, ತುಳಸಿಕಟ್ಟೆಗಳು ಮೂಡಬೇಕು. ಮೆರವಣಿಗೆಯ ದೇವರೂ ದಂಡಿನ ಆನೆಯೂ ಇಳಕಲ್ ಸೀರೆಯ ಸೆರಗಿನ ಮೇಲೆ ಒಟ್ಟಿಗೆ ಬಂದು ನಿಲ್ಲುವುದು ಹೀಗೆ. ಗವಂತಿ ಮತ್ತು ಮುರ್ಗಿಗಳಲ್ಲಿ ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿರಬೇಕು, ಗಂಟು ಕಾಣಬಾರದು. ಹಾಗಾಗಿ ಕಸೂತಿಯನ್ನು ಬಲ್ಲ ಹೆಂಗಸು ಬಟ್ಟೆ ಕೈಗೆ ಬಂದೊಡನೆ ಅದನ್ನು ತಿರುಗಿಸಿ ನೋಡುತ್ತಾಳೆ. ಸಂಗ್ರಹಾಲಯದ ಗಾಜಿನ ಪೆಟ್ಟಿಗೆ ತಡೆಯುವುದು ಈ ತಿರುಗಿಸುವಿಕೆಯನ್ನೇ. ಬಲ್ಲವರ ಪರೀಕ್ಷೆಗೆ ಒಳಪಡದ ಕಸೂತಿ ಕೇವಲ ನೋಟದ ವಸ್ತುವಾಗಿ ಉಳಿಯುತ್ತದೆ.

೭

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬ���ಕು. ದೇವರ ಬಟ್ಟೆ ಸವೆದು ಹೋಗುವುದೇ ಅದರ ಧರ್ಮವಾದರೆ, ಅದನ್ನು ಉಳಿಸಬೇಕೆಂಬ ಹಂಬಲವೇಕೆ? ನಿರ್ಮಾಲ್ಯವನ್ನು ನೀರಿಗೆ ಬಿಡುವಂತೆ ಬಟ್ಟೆಯನ್ನೂ ಬಿಟ್ಟುಬಿಡಬಾರದೇಕೆ? ಈ ಆಕ್ಷೇಪದಲ್ಲಿ ಬಲವಿದೆ. ಅಹಮದಾಬಾದಿನಲ್ಲಿ ೧೯೪೯ರಲ್ಲಿ ಸಾರಾಭಾಯಿ ಕುಟುಂಬದವರು ಸ್ಥಾಪಿಸಿದ ಕ್ಯಾಲಿಕೊ ಸಂಗ್ರಹಾಲಯದಂಥ ಸಂಸ್ಥೆಗಳು ಮಾಡಿದ ಕಾರ್ಯ ದೊಡ್ಡದು. ಆದರೂ ಪ್ರತಿಯೊಂದು ಹಳ್ಳಿಯ ದೇವರ ಹೊದಿಕೆಯನ್ನೂ ನಗರದ ಕಪಾಟಿಗೆ ಒಯ್ಯಬೇಕೆಂದು ಯಾರೂ ವಾದಿಸಲಾರರು.

ಆದರೆ ಹಿಂದಿನ ಕಾಲದ ಸವೆತಕ್ಕೂ ಇಂದಿನ ಸವೆತಕ್ಕೂ ವ್ಯತ್ಯಾಸವಿದೆ. ಹಿಂದೆ ಬಟ್ಟೆ ಹೋದರೂ ಅದನ್ನು ಹೊಲಿದ ಕೈ ಉಳಿಯುತ್ತಿತ್ತು. ಹಳೆಯ ಸತ್ತಿಗೆಯನ್ನು ಎದುರಿಗಿಟ್ಟುಕೊಂಡು ಹೊಸದನ್ನು ಹೊಲಿಯುವವನಿದ್ದನು. ತಾಯಿಯ ಕಾಂಚಳಿಯನ್ನು ನೋಡಿ ಮಗಳು ತನ್ನದನ್ನು ಹೊಲಿದುಕೊಳ್ಳುತ್ತಿದ್ದಳು. ಬಟ್ಟೆಯ ನಶ್ವರತೆ ವಿದ್ಯೆಯ ಮುಂದುವರಿಕೆಗೆ ಕಾರಣವೇ ಆಗಿತ್ತು. ಇಂದು ಗಣಕಯಂತ್ರ ನಡೆಸುವ ಕಸೂತಿ ಯಂತ್ರದಿಂದ ಬಂದ, ಲೋಹದ ಲೇಪವುಳ್ಳ ಪಾಲಿಯೆಸ್ಟರ್ ಜರಿಯ ಹೊದಿಕೆಗಳು ದೇವಾಲಯಗಳನ್ನು ತಲುಪುತ್ತಿವೆ. ಅವು ಅಗ್ಗವಾಗಿ ದೊರೆಯುತ್ತವೆ, ಹೊಳಪು ಬೇಗ ಕಂದುವುದಿಲ್ಲ. ಭಕ್ತನು ಅವನ್ನು ಕೊಟ್ಟರೆ ತಪ್ಪೇನೂ ಇಲ್ಲ. ಆದರೆ ಹಳೆಯ ಬಟ್ಟೆ ಹೊರಹೋದಾಗ ಅದರ ಜಾಗಕ್ಕೆ ಬರುವ ಬಟ್ಟೆ ಅದರ ಸಂತತಿಯದಲ್ಲ. ವಸ್ತುವೂ ವಿದ್ಯೆಯೂ ಒಂದೇ ಬಾಗಿಲಿನಿಂದ ಹೊರಟುಹೋಗುತ್ತಿವೆ. ಅಂಗಭೋಗದ ನ್ಯಾಯ ಮರುಹುಟ್ಟನ್ನು ನಂಬಿದ ನ್ಯಾಯ. ಮರುಹುಟ್ಟು ನಿಂತ ಮೇಲೆ ಆ ನ್ಯಾಯವನ್ನು ಮಾತ್ರ ಎತ್ತಿ ಹಿಡಿಯುವುದು ಸರಿಯಾಗದು. ಸಂಗ್ರಹಣೆಗೆ ಇಂದು ಸಮರ್ಥನೆ ದೊರೆಯುವುದು ಬಟ್ಟೆಯ ಹಳಮೆಯಿಂದಲ್ಲ, ಈ ಕಡಿತದಿಂದ.

ಈ ದೃಷ್ಟಿಯಿಂದ ಸಂಗ್ರಹಣೆಯ ಕ್ರಮವೂ ಬದಲಾಗಬೇಕಾಗುತ್ತದೆ. ಈಗಿನ ಪಟ್ಟಿಗಳು ಸಾಮಾನ್ಯವಾಗಿ ಪ್ರದೇಶ, ಶತಮಾನ, ಸಾಮಗ್ರಿ, ಹೊಲಿಗೆ, ಅಳತೆಗಳನ್ನು ದಾಖಲಿಸುತ್ತವೆ. ಇವುಗಳ ಜೊತೆಗೆ, ಬಟ್ಟೆಯನ್ನು ಯಾರು ಹೊಲಿದರು, ಯಾರು ಯಾವ ಹರಕೆಗಾಗಿ ಕೊಟ್ಟರು, ಯಾವ ಉತ್ಸವದಲ್ಲಿ ಬಳಸುತ್ತಿದ್ದರು, ಇದಕ್ಕೆ ಮುಂಚಿನ ಬಟ್ಟೆ ಏನಾಯಿತು, ಇದರ ಬಳಿಕ ಬಂದದ್ದು ಎಂಥದು ಎಂಬ ವಿವರಗಳೂ ಬರಬೇಕು. ಬಟ್ಟೆಯ ಎರಡೂ ಬದಿಗಳ ಛಾಯಾಚಿತ್ರ ಕಡ್ಡಾಯವಾಗಬೇಕು. ಎಣ್ಣೆದೀಪದ ಜಿಡ್ಡು, ಕರ್ಪೂರದ ಮಸಿ, ಅರಿಸಿನ ಕುಂಕುಮದ ಕಲೆಗಳನ್ನು ಕೊಳೆಯೆಂದು ತೊಳೆದುಬಿಡುವುದು ದಾಖಲೆಯೊಂದನ್ನು ಅಳಿಸಿದಂತೆ. ಕಲೆ ಎಲ್ಲಿ ಬಿದ್ದಿದೆಯೆಂಬುದು ಬಟ್ಟೆಯನ್ನು ಹೇಗೆ ಉಡಿಸುತ್ತಿದ್ದರೆಂಬುದನ್ನು ಹೇಳುತ್ತದೆ. ತೇಪೆ ಎಷ್ಟು ಬಾರಿ ಬಿದ್ದಿದೆಯೆಂಬುದು ಊರಿನ ಅಕ್ಕರೆಯನ್ನೂ ಬಡತನವನ್ನೂ ಹೇಳುತ್ತದೆ. ಜರಿಯ ಬಟ್ಟೆಯನ್ನು ಮಡಿಸಿದರೆ ಮಡಿಕೆಯಲ್ಲಿ ತಂತಿ ಮುರಿಯುವುದರಿಂದ ಸುರುಳಿ ಸುತ್ತಿಡಬೇಕು. ಪ್ರದರ್ಶನದಲ್ಲಿ ಬೆಳಕು ಐವತ್ತು ಲಕ್ಸ್ ಮೀರಬಾರದು. ಇವು ದೊಡ್ಡ ವೆಚ್ಚ ಬೇಡದ ಎಚ್ಚರಗಳು, ಹಳ್ಳಿಯ ದೇವಾಲಯದವರೂ ಪಾಲಿಸಬಹುದಾದಂಥವು.

ಎಲ್ಲವನ್ನೂ ಒಯ್ಯಬೇಕಾಗಿಲ್ಲ, ಎಲ್ಲವನ್ನೂ ಬರೆದಿಡಬೇಕು ಎಂಬುದು ಈ ಚರ್ಚೆಯ ಫಲಿತ. ಬಟ್ಟೆ ಶೇಷವಸ್ತ್ರವಾಗಿ ಯಾರ ಹೆಗಲಿಗೋ ಹೋಗಲಿ. ಹೋಗುವ ಮೊದಲು ಅದರ ಲೆಕ್ಕ ಉಳಿಯಲಿ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಾಸನ ಜಿಲ್ಲೆಯ ಸಂಪುಟ ೧೯೦೨ರಲ್ಲಿ ಹೊರಬಂದಾಗ, ಶಾಸನದ ಕಲ್ಲುಗಳನ್ನು ಬೆಂಗಳೂರಿಗೆ ಸಾಗಿಸಲಿಲ್ಲ. ಕಲ್ಲು ತನ್ನ ಊರಿನಲ್ಲಿಯೇ ಉಳಿಯಿತು, ಓದು ಮಾತ್ರ ನಾಡಿಗೆಲ್ಲ ದೊರೆಯಿತು. ಶಾಂತಿಗ್ರಾಮದಂಥ ಒಂದು ಹೋಬಳಿಯನ್ನು ಘಟಕವಾಗಿಟ್ಟುಕೊಂಡು, ಅದರೊಳಗಿನ ಗುಡಿ, ಬಸದಿ, ದರ್ಗಾ, ಚಾವಡಿಗಳಲ್ಲಿ ಇರುವ ಹೊಲಿದ ಬಟ್ಟೆಗಳನ್ನು, ಆಯಾ ಊರಿನವರ ಒಪ್ಪಿಗೆ ಪಡೆದು, ಇದೇ ಬಗೆಯಲ್ಲಿ ದಾಖಲಿಸುವ ಕಾರ್ಯವನ್ನು ಅಕಾಡೆಮಿ ಮತ್ತು ವಿಶ್ವವಿದ್ಯಾಲಯಗಳು ಕೈಗೊಳ್ಳಬಹುದು. ಕಲ್ಲನ್ನು ಓದಲು ಬೇಕಾದಷ್ಟು ಕಾಲ ಬಟ್ಟೆ ಕೊಡುವುದಿಲ್ಲವಾದ್ದರಿಂದ, ಆ ಕಾರ್ಯ ಬೇಗನೆ ಆರಂಭವಾಗಬೇಕು.